ಹಳದಿ ಫಾರಂ

ನಮ್ಮ ಮನೆಯಲ್ಲಿ ಇರುವುದು ಒಂದೇ ಪುಸ್ತಕ. ಅದು ಭೂಪಟಗಳ ದೊಡ್ಡ ಪುಸ್ತಕ. ತೊಡೆಯ ಮೇಲೆ ತೆರೆದಿಟ್ಟರೆ ಎರಡೂ ಮೊಣಕಾಲು ಮುಚ್ಚಿಹೋಗುತ್ತವೆ. ಅಜ್ಜಿ ಅದನ್ನು ರದ್ದಿ ಅಂಗಡಿಯಿಂದ ತಂದದ್ದು ಓದುವುದಕ್ಕಲ್ಲ, ಅದರ ಭಾರಕ್ಕೆ. ನಾವು ಕಾಗದದ ಹೂವು ಮಾಡುವವರು. ಬಣ್ಣ ಬಳಿದ ಕಾಗದ ಒಣಗುವಾಗ ಸೊಟ್ಟಗಾಗುತ್ತದೆ. ಅದನ್ನು ಭಾರದ ಪುಸ್ತಕದೊಳಗೆ ಎರಡು ದಿನ ಒತ್ತಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಎಸಳು ಕತ್ತರಿಸುವ ಅಚ್ಚುಗಳೂ ಅದರಲ್ಲೇ ಇರುತ್ತವೆ. ಗುಲಾಬಿಯ ಅಚ್ಚು ಮರುಭೂಮಿಯ ಪುಟದಲ್ಲಿ, ತಾವರೆಯ ಅಚ್ಚು ಸಮುದ್ರದ ಪುಟದಲ್ಲಿ. ಅಜ್ಜಿಗೆ ಓದಲು ಬರುವುದಿಲ್ಲ, ಪುಟದ ಬಣ್ಣ ನೋಡಿ ಅಚ್ಚು ತೆಗೆಯುತ್ತಾಳೆ.

ಪುಸ್ತಕದ ಕೊನೆಯಲ್ಲಿ ಬರೀ ಊರುಗಳ ಹೆಸರಿನ ಪಟ್ಟಿ ಇದೆ. ಅಲ್ಲಿ ಬಣ್ಣವೂ ಇಲ್ಲ, ಅಚ್ಚೂ ಇಲ್ಲ. ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ. ನನ್ನ ಫಾರಂ ಬಚ್ಚಿಡಲು ಅದಕ್ಕಿಂತ ಭದ್ರವಾದ ಜಾಗ ಇಲ್ಲ ಎಂದುಕೊಂಡು ಅಲ್ಲಿಟ್ಟೆ.

ಫಾರಂ ಸಿಕ್ಕಿದ ಕಥೆ ಸಣ್ಣದು. ಪರೀಕ್ಷೆಗಳ ಆಫೀಸಿನಲ್ಲಿ ಯಾರೋ ನಿವೃತ್ತರಾಗುತ್ತಿದ್ದರು, ಅವರಿಗೆ ಹಾರ ಕೊಡಲು ಹೋಗಿದ್ದೆ. ಗೋಡೆಯ ಮೇಲೆ ಒಂದು ನೋಟೀಸು ಇತ್ತು. ಶಾಲೆಯನ್ನು ಮಧ್ಯದಲ್ಲಿ ಬಿಟ್ಟವರು ನೇರವಾಗಿ ಹತ್ತನೆಯ ಪರೀಕ್ಷೆ ಬರೆಯಬಹುದು, ಅಂಥವರಿಗೆ ಹಳದಿ ಫಾರಂ. ನಾನು ಅದನ್ನು ಎರಡು ಸಲ ಓದಿದೆ. ಕೌಂಟರಿನ ಹಿಂದೆ ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡಿದ್ದ ಮೇಡಂ ಒಬ್ಬರು ನನ್ನನ್ನು ನೋಡಿ, ಕೇಳದೆಯೇ ಒಂದು ಫಾರಂ ಕೊಟ್ಟರು. "ಈ ವರ್ಷವೇ ಕೊನೆ ಕಣಮ್ಮ. ಮುಂದಿನ ವರ್ಷದಿಂದ ಎಂಟನೇದು ಪಾಸಾಗದವರಿಗೆ ಈ ದಾರಿ ಇಲ್ಲ" ಎಂದರು. ಗಟ್ಟಿ ಕಾಗದ, ಒಳ್ಳೆಯ ಹಳದಿ. ಕೈಗೆ ಬಂದ ಕೂಡಲೇ ಬೆರಳು ಅದರ ದಪ್ಪ ನೋಡಿತು. ನಮ್ಮ ಕಸುಬಿನವರ ಬುದ್ಧಿ ಅದು.

ನಾನು ಎಂಟನೆಯದು ಮುಗಿಸಲಿಲ್ಲ. ಆ ವರ್ಷ ವಸಂತದ ಹಬ್ಬಕ್ಕೆ ಆರ್ಡರ್ ವಿಪರೀತ ಬಂದಿತ್ತು. ಸರಸ್ವತಿಯನ್ನು ಕೂರಿಸುವ ಪ್ರತಿ ಮನೆಗೂ ಹಳದಿ ಹಾರ ಬೇಕಿತ್ತು. ಎರಡು ತಿಂಗಳ ಮಟ್ಟಿಗೆ ಎಂದು ಅಜ್ಜಿ ನನ್ನನ್ನು ಶಾಲೆ ಬಿಡಿಸಿದಳು. ಹಬ್ಬ ಮುಗಿಯಿತು, ಮದುವೆಗಳು ಬಂದವು, ಅವು ಮುಗಿಯುವ ಹೊತ್ತಿಗೆ ಇನ್ನೊಂದು ಹಬ್ಬ. ಏಳು ವರ್ಷವಾಯಿತು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ. ನನ್ನನ್ನು ವಾಪಸ್ ಕಳಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ, ಅಷ್ಟೆ. ನಾನೂ ನೆನಪು ಮಾಡಲಿಲ್ಲ.

ಫಾರಂ ತುಂಬಿದ ಮೇಲೆ ಹಳೆಯ ಶಾಲೆಯ ಹೆಡ್‌ಮಿಸ್ಸಿನ ಸಹಿ ಮತ್ತು ಸೀಲು ಬೇಕಿತ್ತು. ಹೂವು ಕೊಡುವ ನೆಪದಲ್ಲಿ ಮೂರು ಸಲ ಅಲೆದೆ. ಕೊನೆಗೆ ಅವರು ಕೆಲಸದಿಂದ ನಿವೃತ್ತರಾಗುವ ದಿನ, ಟೇಬಲ್ಲು ಖಾಲಿ ಮಾಡುತ್ತಾ, ಕೆಳಗಿನ ಮೂಲೆಯಲ್ಲಿ ಸಹಿ ಹಾಕಿ ಸೀಲು ಒತ್ತಿಕೊಟ್ಟರು. ಫೋಟೋ ಬರುವುದು ಬಾಕಿ ಇತ್ತು. ಅದು ಬಂದದ್ದು ಹಬ್ಬದ ಹಿಂದಿನ ದಿನ. ಫಾರಂ ಕೊಡಲು ಕೊನೆಯ ದಿನ ಹಬ್ಬದ ದಿನವೇ, ಸಂಜೆ ನಾಲ್ಕು ಗಂಟೆಯವರೆಗೆ. ನಾವಿರುವ ಊರಿನಲ್ಲಿ ನಮ್ಮ ಹಬ್ಬಕ್ಕೆ ರಜೆ ಇಲ್ಲ. ಆಫೀಸು ತೆರೆದಿರುತ್ತದೆ, ಅಪ್ಪ ಕೂಡ ವ್ಯಾನು ತೆಗೆದುಕೊಂಡು ಡ್ಯೂಟಿಗೆ ಹೋಗುತ್ತಾನೆ.

ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಜೊತೆಗೇ ಇರುವ ಚಿಕ್ಕಪ್ಪನ ಹೆಂಡತಿ, ನನ್ನ ಚಿಕ್ಕಮ್ಮನ ನಾಲಿಗೆಗೆ ಹೆದರಿ ಎಂದರೆ ಅರ್ಧ ಸತ್ಯ. ಕೊಟ್ಟು ಬಂದ ಮೇಲೆ ಹೇಳೋಣ, ಹಾಲ್ ಟಿಕೆಟ್ ಬಂದ ಮೇಲೆ ಹೇಳೋಣ, ಪಾಸಾದ ಮೇಲೆ ಹೇಳೋಣ ಎಂದು ಮುಂದಕ್ಕೆ ಹಾಕುತ್ತಾ ಹೋಗುವುದು ನನಗೆ ರೂಢಿ. ಮನೆಯಲ್ಲಿ ನನ್ನ ಹೆಸರು ಗುಮ್ಮಿ. ಗುಮ್ಮನಗುಸುಕಿ ಎಂದು ಚಿಕ್ಕಮ್ಮ ಇಟ್ಟದ್ದು, ಬಳಸಿ ಬಳಸಿ ಸಣ್ಣದಾಯಿತು.

ಹಬ್ಬದ ಬೆಳಿಗ್ಗೆ ಒಂಬತ್ತು ಗಂಟೆಗೆ, ಅಜ್ಜಿ ಸ್ನಾನಕ್ಕೆ ಹೋದಾಗ, ಪುಸ್ತಕ ಇಳಿಸಿ ಕೊನೆಯ ಪುಟಗಳನ್ನು ತೆಗೆದೆ. ಫಾರಂ ಇರಲಿಲ್ಲ. ಇನ್ನೊಂದು ಸಲ ನೋಡಿದೆ. ಮರುಭೂಮಿ, ಸಮುದ್ರ, ಹಿಮದ ಪುಟ, ಎಲ್ಲ ಜಾಲಾಡಿದೆ. ಪುಸ್ತಕವನ್ನು ತಲೆಕೆಳಗು ಹಿಡಿದು ಜಾಡಿಸಿದಾಗ ಅಚ್ಚುಗಳು ಬಿದ್ದವು, ಮತ್ತೇನೂ ಬೀಳಲಿಲ್ಲ.

ಅಚ್ಚುಗಳನ್ನು ಆರಿಸಿಕೊಳ್ಳುವಾಗ ತಲೆ ಎತ್ತಿದೆ. ಎದುರಿಗೆ ಮೇಜಿನ ಮೇಲೆ ಹಳದಿ ಬಟ್ಟೆ ಹಾಸಿ ಮಣ್ಣಿನ ಸರಸ್ವತಿಯನ್ನು ಕೂರಿಸಿದ್ದರು. ಕೊರಳಲ್ಲಿ ಹಾರ ಇತ್ತು. ನಮ್ಮ ಮನೆಯ ದೇವಿಯ ಹಾರ ಎಲ್ಲಕ್ಕಿಂತ ಕೊನೆಗೆ ಆಗುತ್ತದೆ, ಅಳಿದುಳಿದ ಕಾಗದದಲ್ಲಿ. ನಿನ್ನೆ ಸಂಜೆ ನಾನು ಕೊನೆಯ ಆರ್ಡರುಗಳನ್ನು ಮನೆಮನೆಗೆ ಕೊಡಲು ಹೋಗಿದ್ದಾಗ ಅಜ್ಜಿ ಅದನ್ನು ಮಾಡಿ ಮುಗಿಸಿದ್ದಳು. ಹಾರದ ತುಂಬ ತೆಳು ಕಾಗದದ ಬಿಳಿ ಹೂವುಗಳು. ನಡುನಡುವೆ ನಾಲ್ಕು ಹಳದಿ ಸೇವಂತಿಗೆ, ಎದೆಯ ಮೇಲೆ ಎರಡು, ಎರಡೂ ತುದಿಗೆ ಒಂದೊಂದು. ಆ ನಾಲ್ಕರ ಎಸಳುಗಳು ತಂತಿಯ ಆಸರೆ ಇಲ್ಲದೆ ಸೆಟೆದು ನಿಂತಿದ್ದವು. ನಮ್ಮ ಮನೆಯ ಯಾವ ಕಾಗದವೂ ಹಾಗೆ ನಿಲ್ಲುವುದಿಲ್ಲ.

ಸೇವಂತಿಗೆ ಮಾಡುವುದು ಹೀಗೆ. ಹಾಳೆಯನ್ನು ಅಡ್ಡಲಾಗಿ ನಾಲ್ಕು ಪಟ್ಟಿ ಮಾಡಬೇಕು. ಪ್ರತಿ ಪಟ್ಟಿಯ ಒಂದು ಅಂಚನ್ನು ಬಾಚಣಿಗೆಯ ಹಲ್ಲಿನ ಹಾಗೆ ಸಣ್ಣಗೆ ಸೀಳಬೇಕು, ಇನ್ನೊಂದು ಅಂಚನ್ನು ಹಾಗೇ ಬಿಟ್ಟು ತಂತಿಗೆ ಸುತ್ತಬೇಕು. ಒಂದು ಹಾಳೆಗೆ ನಾಲ್ಕು ಹೂವು, ಒಂದು ಚೂರೂ ಪೋಲಾಗುವುದಿಲ್ಲ. ಪ್ರೆಸ್ಸಿನಿಂದ ತಂದ ಅಚ್ಚಾದ ರದ್ದಿ ಕಾಗದವಾದರೆ ಅಕ್ಷರದ ಕಡೆ ಒಳಗೆ ಬರಬೇಕು. ಮಾಡಿ ಮಾಡಿ ಅಜ್ಜಿಯ ಕೈಗೆ ಅದು ಕಣ್ಣು ಮುಚ್ಚಿದರೂ ಗೊತ್ತು.

ಹತ್ತಿರ ಹೋಗಿ ತುದಿಯ ಹೂವಿನ ಒಂದು ಎಸಳನ್ನು ಉಗುರಿನಿಂದ ಮಡಿಸಿ ನೋಡಿದೆ. ಒಳಗೆ ನನ್ನದೇ ಅಕ್ಷರದ ಒಂದು ಬಾಲ ಕಾಣಿಸಿತು.

"ಏನು ನೋಡ್ತಾ ನಿಂತೆ?" ಅಜ್ಜಿ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಬಂದಳು. "ಚೆನ್ನಾಗಿ ಬಂದಿದೆ ಅಲ್ವಾ? ಹಳದಿ ಪೂರ್ತಿ ಖಾಲಿಯಾಗಿತ್ತು, ಅಂಗಡೀನೂ ಮುಚ್ಚಿತ್ತು. ದೇವರಿಗೆ ಹಳದಿ ಇಲ್ಲದೆ ಹೇಗೆ ಹಾಕೋದು ಅಂತ ಕೈ ಕೈ ಹಿಸುಕಿಕೊಂಡೆ. ಪುಣ್ಯಕ್ಕೆ ಪುಸ್ತಕದ ಹಿಂದುಗಡೆ ಒಂದು ಗಟ್ಟಿ ಹಾಳೆ ಸಿಕ್ತು. ಪ್ರೆಸ್ಸಿನ ರದ್ದಿ, ಎಷ್ಟು ವರ್ಷದಿಂದ ಬಿದ್ದಿತ್ತೋ, ನೋಡು, ಅವಳೇ ಕೊಡಿಸಿದ ಹಾಗೆ."

ನನ್ನ ಬಾಯಿಗೆ ಬಂದದ್ದು ಒಂದೇ. "ಹೂಂ."

ಅಡುಗೆಮನೆಯಲ್ಲಿ ಅಮ್ಮ ಹಬ್ಬದ ಸಿಹಿ ಅನ್ನ ಮಾಡುತ್ತಿದ್ದಳು. ದೊಡ್ಡ ಪಾತ್ರೆ, ಒಳಗೆ ಹಳದಿ ಅನ್ನ, ಸಕ್ಕರೆ ಪಾಕ ಕುದಿಯುವ ಸದ್ದು. ಹಬೆಯಿಂದ ಅವಳ ಮುಖ ಕೆಂಪಾಗಿತ್ತು. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ, "ಬಂದ್ಯಾ, ಏಲಕ್ಕಿ ಕುಟ್ಟು" ಎಂದಳು.

ಏಲಕ್ಕಿ ಕುಟ್ಟಿದೆ. ಕುಟ್ಟುತ್ತಾ ಹೇಳಿದೆ. "ಅಮ್ಮ, ಹಾರದಲ್ಲಿ ನನ್ನ ಒಂದು ಕಾಗದ ಸೇರಿಬಿಟ್ಟಿದೆ."

"ಎಂಥ ಕಾಗದ?"

"ಆಫೀಸಿಂದು."

"ಯಾವ ಆಫೀಸು? ಯಾರಾದ್ರೂ ಬಿಲ್ಲು ಕೊಟ್ಟಿದ್ರಾ?"

"ಅಲ್ಲ... ಬೇರೆ."

ಅಮ್ಮ ಸೌಟಿನಿಂದ ಅನ್ನ ಮಗುಚಿದಳು. "ಪೂಜೆ ಆಗ್ಲಿ ಕಣೆ. ಸಂಜೆ ಹೇಗೂ ಹಾರ ಇಳಿಸ್ತಾರಲ್ಲ, ಆಗ ತಗೊಂಡ್ರಾಯ್ತು. ಈಗ ನಿಮ್ಮಜ್ಜಿ ಹತ್ರ ಹಾರ ತೆಗೀರಿ ಅಂತ ಯಾರು ಹೇಳ್ತಾರೆ? ನನಗಂತೂ ಧೈರ್ಯ ಇಲ್ಲಪ್ಪ."

ನಾಲ್ಕು ಗಂಟೆ ಎಂಬ ಎರಡೇ ಪದ ಹೇಳಿದ್ದರೆ ಸಾಕಿತ್ತು. ಅಷ್ಟರಲ್ಲಿ ಅಮ್ಮ, "ಇದನ್ನ ಮುಚ್ಚಿಡು, ತಳ ಹಿಡಿಯುತ್ತೆ" ಎಂದಳು. ನಾನು ಮುಚ್ಚಿಟ್ಟೆ. ಬಸ್ಸಿಗೆ ನಲವತ್ತು ನಿಮಿಷ, ಎರಡೂವರೆಗೆ ಹೊರಟರೂ ಸಾಕು ಎಂದು ಲೆಕ್ಕ ಹಾಕಿಕೊಂಡೆ. ಪೂಜೆ ಹನ್ನೊಂದಕ್ಕೆ, ಹನ್ನೆರಡಕ್ಕೆ ಊಟ. ಊಟದ ಗಡಿಬಿಡಿಯಲ್ಲಿ ಯಾರೂ ಇಲ್ಲದಾಗ ಆ ನಾಲ್ಕು ಹೂವು ಬಿಚ್ಚಿ, ಪಟ್ಟಿಗಳನ್ನು ಹೊಸ ಹಾಳೆಗೆ ಅಂಟಿಸಿದರೆ ಆಯಿತು. ಅಂಟಿಸುವುದರಲ್ಲಿ ನನ್ನನ್ನು ಮೀರಿಸುವವರು ಆ ಬೀದಿಯಲ್ಲೇ ಇಲ್ಲ. ಹೀಗೆ ಅಂದುಕೊಂಡು ಮಾತಾಡುವ ಕೆಲಸವನ್ನು ತಪ್ಪಿಸಿಕೊಂಡೆ.

ಆ ವರ್ಷ ಪೂಜೆಯ ಜೊತೆಗೆ ಇನ್ನೊಂದು ಕೆಲಸವೂ ಇತ್ತು. ಚಿಕ್ಕಮ್ಮನ ಮಗಳು ಪಾಪುಗೆ ಮೂರು ತುಂಬಿತ್ತು, ಅವಳಿಗೆ ಅವತ್ತು ಮೊದಲ ಅಕ್ಷರ ಬರೆಸುವುದು. ಕೈ ಹಿಡಿದು ಬರೆಸಲು ಮೇಲಿನ ಮನೆಯ ಲೆಕ್ಕದ ಮೇಷ್ಟ್ರನ್ನು ಕರೆದಿದ್ದರು. ಅವರ ಜೊತೆ ಅವರ ಹೆಂಡತಿ, ಎದುರುಮನೆಯ ದರ್ಜಿಯಕ್ಕ ಮತ್ತು ಅವಳ ಅತ್ತೆ, ಎಲ್ಲ ಹಳದಿ ಸೀರೆಯಲ್ಲಿ. ಚಿಕ್ಕ ಕೋಣೆ ತುಂಬಿಹೋಯಿತು. ಎಲ್ಲರೂ ಹಾರ ನೋಡಿ ಅಜ್ಜಿಯನ್ನು ಹೊಗಳಿದರು. "ನಿಜವಾದ ಸೇವಂತಿಗೆ ಅಂತ ಮೂಸಿ ನೋಡ್ದೆ ನೋಡಿ" ಎಂದಳು ದರ್ಜಿಯಕ್ಕ.

ನಾನು ಮೂಲೆಯಲ್ಲಿ, ಬಣ್ಣದ ಡಬ್ಬಿಗಳ ಪಕ್ಕ ನಿಂತಿದ್ದೆ. ಮೇಷ್ಟ್ರು ನನ್ನನ್ನು ನೋಡಿ, "ನೀನು ಯಾವ ಕ್ಲಾಸಿನ ತನಕ ಓದಿದ್ದಮ್ಮ?" ಎಂದು ಕೇಳಿದರು.

ನಾನು ಬಾಯಿ ತೆಗೆಯುವ ಮೊದಲೇ ಚಿಕ್ಕಮ್ಮ, "ಅವಳನ್ನ ಕೇಳ್ಬೇಡಿ ಮೇಷ್ಟ್ರೇ, ಉತ್ತರ ಬರೋ ಹೊತ್ತಿಗೆ ನಮ್ಮ ಪಾಪು ಡಿಗ್ರಿ ಮಾಡಿರ್ತಾಳೆ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಪೂಜೆ ಮುಗಿಯಿತು. ಅಗಲವಾದ ತಟ್ಟೆಯಲ್ಲಿ ಅಕ್ಕಿ ಹರಡಿ ಪಾಪುವನ್ನು ಮೇಷ್ಟ್ರ ತೊಡೆಯ ಮೇಲೆ ಕೂರಿಸಿದರು. ಮೇಷ್ಟ್ರು ಅವಳ ಬೆರಳು ಹಿಡಿದ ಕೂಡಲೇ ಪಾಪು ಕಿರುಚಿದಳು. ಅಕ್ಕಿಯನ್ನು ಹಿಡಿಹಿಡಿಯಾಗಿ ತೂರಿದಳು. ಮೇಷ್ಟ್ರ ಕನ್ನಡಕದ ಮೇಲೆ ಅಕ್ಕಿ, ಅವರ ಹೆಂಡತಿಯ ಮಡಿಲಲ್ಲಿ ಅಕ್ಕಿ.

"ಅಯ್ಯೋ, ಇವಳಪ್ಪನ ಹಾಗೇ. ಅವರೂ ಪುಸ್ತಕ ಕಂಡ್ರೆ ಹೀಗೇ ಓಡ್ತಿದ್ರಂತೆ" ಎನ್ನುತ್ತಾ ಚಿಕ್ಕಮ್ಮ ಸುತ್ತ ನೋಡಿದಳು. ಆಟದ ಸಾಮಾನು ಯಾವುದೂ ಕೈಗೆ ಸಿಗಲಿಲ್ಲ. ಕೈ ಚಾಚಿ ಹಾರದ ತುದಿಯ ಸೇವಂತಿಗೆಯನ್ನು ಕಿತ್ತಳು.

"ಏಯ್, ದೇವರ ಹಾರ ಕಣೆ ಅದು!" ಎಂದಳು ಅಜ್ಜಿ.

"ಒಂದು ಹೂವು ಅತ್ತೆ. ಮಗು ವಿದ್ಯೆ ಕಲೀಲಿ ಅಂತಾನೇ ತಾನೆ? ಸರಸ್ವತಿ ಏನೂ ಅಂದ್ಕೊಳ್ಳಲ್ಲ. ಪಾಪು, ನೋಡು ನೋಡು, ಹಳದಿ ಹೂವು!"

ಪಾಪು ಹೂವನ್ನು ಎಡಗೈಯಲ್ಲಿ ಹಿಡಿದಳು. ಅಳು ನಿಂತಿತು. ಮೇಷ್ಟ್ರು ಬಲಗೈಯ ಬೆರಳು ಹಿಡಿದು ಅಕ್ಕಿಯಲ್ಲಿ ಎಳೆದರು. ಅಕ್ಷರ ಅರ್ಧ ಮೂಡುವಾಗ ಪಾಪು ಹೂವನ್ನು ಬಾಯಿಗಿಟ್ಟಳು. ಅವಳಿಗೆ ಹಿಂದಿನ ಹಲ್ಲು ಬರುತ್ತಿತ್ತು, ಸಿಕ್ಕಿದ್ದನ್ನೆಲ್ಲ ಜಗಿಯುವ ಕಾಲ ಅದು. ಎಲ್ಲರ ಕಣ್ಣು ತಟ್ಟೆಯ ಮೇಲೆ. ನನ್ನ ಕಣ್ಣು ಅವಳ ಬಾಯಿಯ ಮೇಲೆ. ಎಸಳುಗಳು ಒದ್ದೆಯಾಗಿ ಬಗ್ಗಿದವು. ಅವಳು ತಂತಿಯನ್ನು ಹೊರಗೆ ಎಳೆದು ಎಸೆದು, ಉಳಿದದ್ದನ್ನು ಒಳಗೆ ತಳ್ಳಿಕೊಂಡಳು. ಅಕ್ಷರ ಮುಗಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

"ಅದು ನಂದು" ಎಂದೆ.

ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದೆ. ಈ ಸಲ ಎಷ್ಟು ಜೋರಾಗಿ ಬಂತೆಂದರೆ ನನಗೇ ಗಾಬರಿಯಾಯಿತು. ಪಾಪು ಜಗಿಯುವುದನ್ನು ನಿಲ್ಲಿಸಿದಳು.

"ಅಬ್ಬಬ್ಬ, ಗುಮ್ಮಿ ಮಾತಾಡಿದ್ಳು!" ಚಿಕ್ಕಮ್ಮ ಕೆನ್ನೆಗೆ ಕೈ ಇಟ್ಟಳು. "ಅಕ್ಷರ ಬರೆದ ಗಳಿಗೆ ಚೆನ್ನಾಗಿದೆ ನೋಡಿ. ಏನೇ ನಿಂದು? ಹೂವಾ? ಹೂವಿಗೆಲ್ಲ ಮಗು ಜೊತೆ ಜಗಳ ಆಡ್ತೀಯಲ್ಲೇ!"

"ಹೂವಲ್ಲ. ಫಾರಂ. ನಾಲ್ಕು ಹೂವೂ ನನ್ನ ಫಾರಂ. ಪರೀಕ್ಷೆದು. ಇವತ್ತೇ ಕೊಡ್ಬೇಕು, ನಾಲ್ಕು ಗಂಟೆಗೆ."

ಮೊದಲು ಅರ್ಥವಾದದ್ದು ಮೇಷ್ಟ್ರಿಗೆ. ಅವರು ಪಾಪುವಿನ ಬಾಯಿಗೆ ಬೆರಳು ಹಾಕಿದರು. ಕಚ್ಚಿಸಿಕೊಂಡು, ಹಳದಿ ಮುದ್ದೆಯೊಂದನ್ನು ಹೊರಗೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. ಅದು ಕಾಗದ ಎಂದು ಹೇಳುವ ಹಾಗಿರಲಿಲ್ಲ. ಸ್ವಲ್ಪ ನೀಲಿ ಮಸಿ ಹರಡಿತ್ತು.

ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು. "ಬೆಳಿಗ್ಗೆ ಹೇಳಿದ್ಯಲ್ಲೇ... ಇಷ್ಟು ಅಂತ ಹೇಳಲಿಲ್ಲವಲ್ಲೇ" ಎಂದಳು. ಅವಳ ಮುಖ ನೋಡಲಾಗಲಿಲ್ಲ.

ಅಜ್ಜಿ ಎದ್ದು ಹೋಗಿ ಎರಡೂ ಕೈಯಿಂದ ದೇವಿಯ ಕೊರಳಿನ ಹಾರ ಎತ್ತಿದಳು. ದರ್ಜಿಯಕ್ಕನ ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ಚಿಕ್ಕಮ್ಮ, "ಅತ್ತೆ, ಪೂಜೆ ಆಗಿರೋ ಹಾರ..." ಎಂದಳು.

"ಮಾಡಿದವಳು ನಾನು, ತೆಗೆಯೋಳೂ ನಾನು. ಗೋಂದು ತಗೊಂಡು ಬಾ."

ಕೆಲಸದ ಚಾಪೆಯ ಮೇಲೆ ನಾವಿಬ್ಬರೂ ಎದುರುಬದುರು ಕೂತೆವು. ನೆಂಟರು ಒಬ್ಬೊಬ್ಬರಾಗಿ ಊಟಕ್ಕೆ ಎದ್ದರು. ಒಳಗಿನಿಂದ ತಟ್ಟೆಗಳ ಸದ್ದು, ತಗ್ಗಿದ ಮಾತು. ಮೇಷ್ಟ್ರು ಮಾತ್ರ ಕುರ್ಚಿ ಎಳೆದುಕೊಂಡು ನಮ್ಮ ಪಕ್ಕದಲ್ಲೇ ಕೂತರು.

ಸುತ್ತಿದ ಪಟ್ಟಿಯನ್ನು ಬಿಚ್ಚುವುದು ಸುತ್ತುವುದಕ್ಕಿಂತ ಕಷ್ಟ. ಗೋಂದು ಹಿಡಿದ ಕಡೆ ಒದ್ದೆ ಬಟ್ಟೆ ಒತ್ತಿ, ಕಾಯಬೇಕು. ಅವಸರ ಮಾಡಿದರೆ ಕಾಗದದ ಮೇಲ್ಪದರ ಕಿತ್ತುಬರುತ್ತದೆ. ಅಜ್ಜಿಯ ಬೆರಳುಗಳು ಗಂಟುಗಂಟಾಗಿವೆ, ಆದರೂ ಅಲ್ಲಾಡಲಿಲ್ಲ. ಮೊದಲ ಪಟ್ಟಿಯಲ್ಲಿ ನನ್ನ ಹೆಸರು, ಹುಟ್ಟಿದ ದಿನ. ಬಾಚಣಿಗೆಯಂತೆ ಸೀಳಿದ್ದನ್ನು ಒಂದೊಂದೇ ಹಲ್ಲು ಜೋಡಿಸಿ ಬಿಳಿ ಹಾಳೆಗೆ ಅಂಟಿಸಿದೆ. ಎರಡನೆಯ ಪಟ್ಟಿ ಬಿಚ್ಚಿದಾಗ ಅಜ್ಜಿ ಅದರ ಮೇಲೆ ಬೆರಳಿಟ್ಟಳು.

"ಇಲ್ಲಿ ಏನು ಬರೆದಿದೆ? ಇದು ಕೈಯಲ್ಲಿ ಬರೆದದ್ದು ಅಲ್ವಾ?"

"ಶಾಲೆ ಯಾಕೆ ಬಿಟ್ಟೆ ಅಂತ ಕೇಳಿದ್ದಾರೆ."

"ನೀನೇನು ಬರೆದೆ?"

ನಾನು ಗೋಂದಿನ ಡಬ್ಬಿ ಮುಚ್ಚಿದೆ, ಮತ್ತೆ ತೆಗೆದೆ.

"ಓದೇ" ಎಂದಳು ಅಜ್ಜಿ.

"ಮನೆಯ ಕೆಲಸ."

"ಯಾವ ಮನೆಯ ಕೆಲಸ? ಕಸ ಗುಡಿಸೋದಾ, ಪಾತ್ರೆ ತೊಳೆಯೋದಾ?"

"ಹೂವಿನ ಕೆಲಸ."

ಅಜ್ಜಿ ಬೆರಳು ತೆಗೆಯಲಿಲ್ಲ. ಆ ಎರಡು ಪದಗಳು ಎಷ್ಟು ಉದ್ದ ಎಂದು ಅಳೆಯುವ ಹಾಗೆ ಬೆರಳು ಹಿಂದೆ ಮುಂದೆ ಆಡಿಸಿದಳು. ಆಮೇಲೆ, "ಎರಡು ತಿಂಗಳಿಗೆ ಅಂದಿದ್ದೆ" ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ. ಮೇಷ್ಟ್ರು ಕಿಟಕಿಯ ಕಡೆ ನೋಡಿದರು.

ಮೂರನೆಯ ಪಟ್ಟಿಯಲ್ಲಿ ಆರಿಸಿಕೊಂಡ ವಿಷಯಗಳು. ಅದನ್ನೂ ಅಂಟಿಸಿ, ನಿನ್ನೆ ಬಂದ ಫೋಟೋವನ್ನು ಮೇಲಿನ ಮೂಲೆಗೆ ಹಚ್ಚಿದೆ. ನಾಲ್ಕನೆಯದರ ಜಾಗ ಖಾಲಿ ಉಳಿಯಿತು. ಸಹಿ, ಸೀಲು ಎರಡೂ ಅಲ್ಲಿರಬೇಕಿತ್ತು. ಆಗಲೇ ಎರಡೂವರೆ, ಶಾಲೆಗೆ ಹೋಗಿ ಆಫೀಸಿಗೆ ಬರುವಷ್ಟು ಹೊತ್ತು ಉಳಿದಿರಲಿಲ್ಲ. ಪಾಪುವಿಗೆ ಸಿಕ್ಕಿದ್ದು ಬೇರೆ ಯಾವ ಪಟ್ಟಿಯಾಗಿದ್ದರೂ ನಾನು ಇನ್ನೊಂದು ಫಾರಂ ತಂದು ಅಷ್ಟನ್ನು ಬರೆದುಬಿಡುತ್ತಿದ್ದೆ. ಚಿಕ್ಕಮ್ಮ ಹೂವಿಗೆ ಕೈ ಹಾಕಿದಾಗಲೇ ಕೂಗಿದ್ದರೂ ಸಾಕಿತ್ತು. ಬೆಳಿಗ್ಗೆ ಒಂಬತ್ತಕ್ಕೆ "ಹೂಂ" ಎನ್ನುವ ಬದಲು ಇನ್ನೇನಾದರೂ ಅಂದಿದ್ದರೂ ಸಾಕಿತ್ತು. ಹೀಗೆ ಹಿಂದಕ್ಕೆ ಹೋಗುತ್ತಾ ಹೋದರೆ ಎಲ್ಲಿಯೂ ನಿಲ್ಲುವುದಿಲ್ಲ.

"ಹಾಗೇ ತಗೊಂಡು ಹೋಗು. ಕೇಳಿ ನೋಡು" ಎಂದರು ಮೇಷ್ಟ್ರು. ಅವರ ದನಿಯಲ್ಲಿ ನಂಬಿಕೆ ಇರಲಿಲ್ಲ, ಆದರೂ ಹೇಳಿದರು.

"ನಾನೂ ಬರ್ತೀನಿ" ಎಂದಳು ಅಜ್ಜಿ. ಅಜ್ಜಿ ಬಸ್ಸು ಹತ್ತಿ ಎಷ್ಟೋ ವರ್ಷವಾಗಿತ್ತು. ಅಮ್ಮ ಬೇಡ ಎಂದಳು, ಚಿಕ್ಕಮ್ಮ ಊಟವಾದರೂ ಮಾಡಿ ಹೋಗಿ ಎಂದಳು. ಅಜ್ಜಿ ಆಗಲೇ ಚಪ್ಪಲಿ ಹಾಕಿದ್ದಳು.

ಆಫೀಸು ತಲುಪಿದಾಗ ಮೂರೂ ಇಪ್ಪತ್ತು. ಸಾಲಿನಲ್ಲಿ ಒಂಬತ್ತು ಜನ ಇದ್ದರು. ಎಲ್ಲರ ಕೈಯಲ್ಲೂ ಹಳದಿ ಹಾಳೆ, ಮಡಿಕೆ ಕೂಡ ಇಲ್ಲದ ಹಾಳೆ. ನನ್ನದು ಗೋಂದಿನಿಂದ ಉಬ್ಬಿ, ಬೆನ್ನಿಗೆ ರಟ್ಟು ಕಟ್ಟಿದಂತೆ ಸೆಟೆದಿತ್ತು. ಮುಂದಿದ್ದ ಹೆಂಗಸು ತಿರುಗಿ ನೋಡಿದಳು. ಹೊರಗಿನ ಅಂಗಡಿಯಲ್ಲಿ ಟೀ ಕುದಿಯುವ ವಾಸನೆ ಬರುತ್ತಿತ್ತು. ಅಜ್ಜಿ ಬೆಳಿಗ್ಗೆಯಿಂದ ಉಪವಾಸವಿದ್ದಳು, ಗೋಡೆಗೆ ಕೈ ಕೊಟ್ಟು ನಿಂತಿದ್ದಳು.

ಸ್ವೆಟರ್ ಮೇಡಂಗೆ ನನ್ನ ಗುರುತು ಸಿಕ್ಕಿತು. ಮುಗುಳ್ನಕ್ಕು ಕೈ ಚಾಚಿದರು. ಹಾಳೆ ಮುಟ್ಟಿದ ಕೂಡಲೇ ನಗು ನಿಂತಿತು.

"ಇದೇನಮ್ಮ ಇದು?"

"ಹರಿದುಹೋಯ್ತು ಮೇಡಂ. ಅಂಟಿಸಿದ್ದೀನಿ. ಎಲ್ಲ ಓದೋಕೆ ಬರುತ್ತೆ."

ಅವರು ಬೆರಳಿಟ್ಟು ಓದಿದರು. ನಿಜಕ್ಕೂ ಎಲ್ಲ ಓದಲು ಬರುತ್ತಿತ್ತು. "ಎಷ್ಟು ಚೆನ್ನಾಗಿ ಅಂಟಿಸಿದ್ದೀಯ" ಎಂದೂ ಹೇಳಿದರು. ಆಮೇಲೆ ಬೆರಳು ಕೆಳಗೆ ಬಂತು. "ಸೀಲು ಎಲ್ಲಿ?"

ಹಿಂದಿನಿಂದ ಅಜ್ಜಿ, "ಮಗು ತಿಂದುಬಿಡ್ತು ತಾಯಿ" ಎಂದಳು.

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿನುದ್ದಕ್ಕೂ ಹಬ್ಬಿತು. ಮೇಡಂ ಕೂಡ ಅರೆಕ್ಷಣ ನಕ್ಕು, ನಮ್ಮಿಬ್ಬರ ಮುಖ ನೋಡಿ ಸುಮ್ಮನಾದರು. "ಸೀಲಿಲ್ಲದೆ ತಗೊಳ್ಳೋಕೆ ಆಗಲ್ಲ ಅಜ್ಜಿ. ನಾನು ತಗೊಂಡ್ರೂ ಒಳಗೆ ವಾಪಸ್ ಮಾಡ್ತಾರೆ. ಶಾಲೆಗೆ ಹೋಗಿ ಬರೋಕೆ ಎಷ್ಟು ಹೊತ್ತಾಗುತ್ತೆ?"

"ಒಂದೂವರೆ ಗಂಟೆ" ಎಂದೆ.

ಅವರು ಗೋಡೆಯ ಗಡಿಯಾರ ನೋಡಿದರು. ನೋಡುವ ಅಗತ್ಯವಿರಲಿಲ್ಲ.

ಅಜ್ಜಿ ನನ್ನನ್ನು ಪಕ್ಕಕ್ಕೆ ಸರಿಸಿ ಕೌಂಟರಿನ ಮೇಲೆ ಕೈ ಇಟ್ಟಳು. ಉಗುರುಗಳ ಸಂದಿಯಲ್ಲಿ ಏಳು ಬಣ್ಣ. "ಸೀಲು ಯಾಕೆ ಬೇಕು ನಿಮಗೆ? ಇವಳು ಶಾಲೆ ಬಿಟ್ಟಿದ್ದು ನಿಜ ಅಂತ ಹೇಳೋಕೆ ತಾನೆ? ಬಿಡಿಸಿದವಳು ನಾನು. ನನಗಿಂತ ದೊಡ್ಡ ಸಾಕ್ಷಿ ಯಾರಿದ್ದಾರೆ? ಎಲ್ಲಿ ಹೇಳ್ತೀರೋ ಅಲ್ಲಿ ಹೆಬ್ಬೆಟ್ಟು ಒತ್ತುತೀನಿ. ಮಸಿ ಕೊಡಿ."

"ಹಾಗೆ ಆಗಲ್ಲಮ್ಮ."

"ಕೊಡಿ ತಾಯಿ. ಹತ್ತು ಬೆರಳೂ ಒತ್ತುತೀನಿ."

ಈಗ ಯಾರೂ ನಗಲಿಲ್ಲ. ಮೇಡಂ ಹಾಳೆಯನ್ನು ಎರಡೂ ಕೈಯಿಂದ ಎತ್ತಿ, ಕೌಂಟರಿನ ಈಚೆ ಅಜ್ಜಿಯ ಕೈಗೆ ಕೊಟ್ಟರು. "ನಾನು ನಿಯಮ ಮಾಡಿದವಳಲ್ಲ" ಎಂದರು. ಹಿಂದಿದ್ದ ಹುಡುಗಿ ಮುಂದೆ ಬಂದಳು. ಅವಳ ಫಾರಂ ಒಂದು ನಿಮಿಷದಲ್ಲಿ ಒಳಗೆ ಹೋಯಿತು.

ನಾವು ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಒಳಗೆ ಕೌಂಟರಿನ ಶಟರ್ ಇಳಿಸುವ ಸದ್ದು ಕೇಳುವವರೆಗೂ ಅಜ್ಜಿ ಏಳಲಿಲ್ಲ. ಏನಾದರೂ ಬದಲಾಗಬಹುದು ಎಂದು ಕಾಯುತ್ತಿದ್ದಳೇನೋ. ನನಗೆ ಗೊತ್ತಿತ್ತು ಬದಲಾಗುವುದಿಲ್ಲ ಎಂದು, ಆದರೂ ಕೂತೆ.

ಬಸ್ಸಿನಲ್ಲಿ ಅಜ್ಜಿ ಹಾಳೆಯನ್ನು ತೊಡೆಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಮೇಲೆ ಅಂಗೈ ಒತ್ತಿದ್ದಳು.

"ಓದಿ ಏನ್ಮಾಡೋಣ ಅಂತಿದ್ದೆ?" ಎಂದು ಕೇಳಿದಳು.

ಅಲ್ಲಿಯವರೆಗೆ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ನಾನೇ ಕೇಳಿಕೊಂಡಿರಲಿಲ್ಲ. "ಗೊತ್ತಿಲ್ಲ. ಓದೋಣ ಅಂತಿದ್ದೆ" ಎಂದೆ.

ಅಜ್ಜಿ ತಲೆಯಾಡಿಸಿದಳು. ಎರಡು ನಿಲ್ದಾಣ ದಾಟಿದ ಮೇಲೆ, "ಆವಾಗಲೇ ಒಂದು ಮಾತು ಹೇಳಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಆವಾಗ ಎಂದರೆ ಯಾವಾಗ, ಇವತ್ತು ಬೆಳಿಗ್ಗೆಯೋ, ಹದಿಮೂರು ವರ್ಷದವಳಿದ್ದಾಗಲೋ, ಅವಳು ಬಿಡಿಸಿ ಹೇಳಲಿಲ್ಲ. ನಾನು ಕೇಳಲಿಲ್ಲ. ಹದಿಮೂರು ವರ್ಷದವಳನ್ನೂ ಯಾರಾದರೂ ಒಂದು ಮಾತು ಕೇಳಬಹುದಿತ್ತು ಎಂದು ಹೇಳಬೇಕೆನಿಸಿತು. ಅಜ್ಜಿಯ ತುಟಿ ಒಣಗಿತ್ತು. ಹೇಳಲಿಲ್ಲ.

ಮನೆಗೆ ಬಂದಾಗ ನೆಂಟರು ಹೋಗಿದ್ದರು. ಕೋಣೆ ಗುಡಿಸಿ ಆಗಿತ್ತು. ಚಿಕ್ಕಮ್ಮ ಬಾಗಿಲಲ್ಲೇ, "ಏನಾಯ್ತು?" ಎಂದಳು.

"ಆಗಲಿಲ್ಲ" ಎಂದಳು ಅಜ್ಜಿ.

ಚಿಕ್ಕಮ್ಮ ಏನಾದರೂ ಅನ್ನುತ್ತಾಳೆ ಎಂದು ಕಾದೆ. ಗುಮ್ಮಿ ಎನ್ನಲಿ, ಬಾಯಿಗೆ ಗೋಂದು ಹಾಕಿದ್ರಾ ಎನ್ನಲಿ. ಅವಳು ಸುಮ್ಮನೆ ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಹಳದಿ ಅನ್ನ ತಂದು ನನ್ನ ಮುಂದೆ ಇಟ್ಟಳು. ದ್ರಾಕ್ಷಿ, ಗೋಡಂಬಿ ಎಲ್ಲ ಮೇಲೆ ಆರಿಸಿ ಹಾಕಿದ್ದಳು. ಅದನ್ನು ನೋಡಿದಾಗ ಮಾತ್ರ ನನಗೆ ಅಳು ಬಂತು.

ಅಮ್ಮ ನನ್ನ ಬೆನ್ನ ಹಿಂದೆ ನಿಂತಿದ್ದಳು. ಬೆಳಿಗ್ಗೆ ಕಟ್ಟಿದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯತೊಡಗಿದಳು.

ಅಜ್ಜಿ ಗೋಡೆಗೆ ಒರಗಿ ಕೂತಳು. "ನಾಳೆ ಬೆಳಿಗ್ಗೆಗೆ ಏನಿದೆ?" ಎಂದು ಕೇಳಿದಳು.

"ನೂರು ಗುಲಾಬಿ. ಮದುವೆ ಮನೇದು."

"ನಾನೊಬ್ಬಳೇ ಮಾಡ್ತೀನಿ. ನೀನು ಕೂರಬೇಡ." ಕಾಲು ಚಾಚಿಕೊಂಡು, "ನಾಡಿದ್ದಿಂದಲೂ ನಾನೇ ಮಾಡ್ಕೊಳ್ತೀನಿ. ಚಿಕ್ಕಮ್ಮ ಕೈ ಜೋಡಿಸ್ತಾಳೆ. ನೀನು ಹೋಗು" ಎಂದಳು.

"ಎಲ್ಲಿಗೆ ಅಜ್ಜಿ?"

ಅಜ್ಜಿ ಬಾಯಿ ತೆಗೆದಳು. ನನ್ನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಯಾರಾದರೂ ಆ ಜಾಗದ ಹೆಸರು ಹೇಳಿಕೊಡುತ್ತಾರೋ ಎಂದು ಕಾದಳು. ಚಿಕ್ಕಮ್ಮ ತಲೆ ತಗ್ಗಿಸಿದಳು. ಒಳಗಿನ ಕೋಣೆಯಲ್ಲಿ ಪಾಪು ನಿದ್ದೆಗಣ್ಣಿನಲ್ಲಿ ಏನೋ ಬಡಬಡಿಸಿದಳು.

ಅಜ್ಜಿ ತಟ್ಟೆಯನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದಳು.

"ಮೊದಲು ಊಟ ಮಾಡು" ಎಂದಳು.